ಸೂರ್ಯನ ಮೇಲೆ ಬಿದ್ದ ಕಾಳುಮೆಣಸು

ಕೊಡೈ ಬೆಟ್ಟ, ಸೋಮವಾರ

ಮುದ್ದಿನ ಸೊಸೆಗೆ ಸೋದರಮಾವನ ಆಶೀರ್ವಾದ.

ಇಂದು ನಾನು ಸೂರ್ಯನಲ್ಲಿ ಕಲೆ ಕಂಡುಹಿಡಿದೆ, ನಗಬೇಡ. ನಾನು ಅಡುಗೆ ಮಾಡುವ ವೀಕ್ಷಣಾಲಯದಲ್ಲಿ ದಿನವೂ ಸೂರ್ಯನ ಬಿಂಬವನ್ನು ಕಾಗದದ ಮೇಲೆ ಬೀಳಿಸಿ ಕಲೆಗಳನ್ನು ಬರೆಯುವ ಮುತ್ತುಕ್ಕರುಪ್ಪನ್ ಇಂದು ನಿವೃತ್ತನಾದ. ಕೊನೆಯ ಹಾಳೆಯಲ್ಲಿ ಒಂದಾದರೂ ಕಲೆ ಬರಲೆಂದು ಅವನಿಗೆ ಆಸೆ. ಸೂರ್ಯನ ಮುಖವೋ ತೊಳೆದಿಟ್ಟಂತಿತ್ತು. ಸಂಶೋಧನೆ ಮಾಡುವ ಹುಡುಗಿ ಕುಯಿಲಿ ಸಮಾಧಾನ ಹೇಳಿದಳು: "ಎಳೇ ನಕ್ಷತ್ರ ಬುಗುರಿ ಥರ ತಿರುಗುತ್ತೆ ಮಾಮಾ. ಒಳಗಿನ ಕಾಂತಶಕ್ತಿ ಸಿಕ್ಕಾಗಿ ಶಾಖ ಮೇಲೆ ಬರೋಕೆ ಬಿಡಲ್ಲ, ಮೈತುಂಬ ಕಪ್ಪು ಕಲೆ. ನಮ್ಮ ಸೂರ್ಯಂಗೆ ವಯಸ್ಸಾಯ್ತು." ನನಗೆ ನಿನ್ನ ಮೊಡವೆ ನೆನಪಾಯಿತು.

ವಡೆ ತಿನ್ನುತ್ತ ಹಾಳೆಯ ಮೇಲೆ ಬಗ್ಗಿ ನೋಡಿ, "ಅಗೋ ಕಲೆ!" ಎಂದು ಕೂಗಿದೆ. ಮುತ್ತುಕ್ಕರುಪ್ಪನ್ ದುರ್ಬೀನನ್ನು ಸೂರ್ಯನ ಜೊತೆಗೇ ತಿರುಗಿಸುವ ಮೋಟರ್ ನಿಲ್ಲಿಸಿದ. ಬಿಂಬ ಮೆಲ್ಲಗೆ ಜಾರಿತು, ಕಲೆ ಜಾರಲಿಲ್ಲ. "ಅಲ್ಲಾ ಅಣ್ಣಾಚಿ, ಸೂರ್ಯ ಹೊರಟ್ರೂ ನಿಮ್ಮ ಕಲೆ ಇಲ್ಲೇ ಕೂತಿದೆಯಲ್ಲ!" ಎಂದು ಅದನ್ನೆತ್ತಿ ಬಾಯಿಗೆ ಹಾಕಿಕೊಂಡ. ವಡೆಯ ಕಾಳುಮೆಣಸು!

ನಗುತ್ತಿದ್ದ ಕುಯಿಲಿ ಥಟ್ಟನೆ, "ಅಲ್ನೋಡಿ, ಅಂಚಲ್ಲಿ!" ಎಂದಳು. ಜಾರುವ ಬಿಂಬದ ಜೊತೆಗೇ ಮಸುಕು ಚುಕ್ಕಿಯೊಂದು ಜಾರುತ್ತಿತ್ತು. ಬಿಂಬ ನಿಂತಿದ್ದಾಗ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮುತ್ತುಕ್ಕರುಪ್ಪನ್ ಕಣ್ಣೊರೆಸಿಕೊಂಡು ಅದನ್ನು ಬರೆದುಕೊಂಡ.

ನನ್ನ ಕೆಮ್ಮು ಪೂರ್ತಿ ವಾಸಿ, ಅಕ್ಕನಿಗೆ ಹೇಳು. ಈ ಕಾರ್ಡನ್ನು ಓಣಿಯವರಿಗೆಲ್ಲ ಓದಿ ಹೇಳು, ಮೆಣಸಿನ ಸಾಲುಗಳನ್ನು ಮಾತ್ರ ಬೆರಳಿಟ್ಟು ಮುಚ್ಚಿಕೊಂಡು. ಅಂಚೆಯವನು ಮೊದಲೇ ಓದಿರುತ್ತಾನೆ, ಅವನ ಬಾಯಿಗೊಂದು ಉಂಡೆ ತುರುಕು.

ಜಾಗ ಮುಗಿಯಿತು,
ನಿನ್ನ ಮಾವ