ಕಂಬಕ್ಕ ಸುತ್ತಿದ ಗಾದಿ

ಚಿಕ್ಕೋಡಿ,
ಜನವರಿ ೧೯, ಸೋಮವಾರ

ಪ್ರೀತಿಯ ಅಪ್ಪಾಗ ರುಕ್ಸಾರಳ ಸಲಾಮು.

ನಿನ್ನ ದಮ್ಮು ಹೆಂಗೈತಿ? ಅರಳಿ ಹಿಂಜುವಾಗ ಮೂಗಿಗೆ ಅರಿವಿ ಕಟ್ಕೋ ಅಂದ್ರ ಕೇಳೂದಿಲ್ಲ ನೀ. ಇಚಲಕರಂಜಿಯ ಲಗ್ನದ ಗಾದಿ ಹೊಲದು ಮುಗದ ಮ್ಯಾಲ ಲಗೂನ ಬಾ. ಅವ್ವ ಆರಾಮದಾಳ. ನಾ ಮಾತ್ರ ಭಾಳ ದಣದೀನಿ ಅಪ್ಪಾ. ಫೋನಿನ್ಯಾಗ ಹೇಳಾಕ ಬಾಯಿ ಏಳವಲ್ದು, ಅದಕ್ಕ ಬರ್ಯಾಕತ್ತೀನಿ.

ನಮ್ಮ ದವಾಖಾನ್ಯಾಗ ಈಗ ಚಪ್ಪಿ ಕೀಲಿಗೆ, ಅಂದ್ರ ಸೊಂಟಕ್ಕ ತೊಡಿ ಕೂಡೂ ಕೀಲಿಗೆ, ಸಣ್ಣ ತೂತಿನಿಂದ ದುರ್ಬೀಣ ಹಾಕಿ ಆಪರೇಶನ್ ಮಾಡ್ತಾರ. ಆ ಕೀಲಿನ್ಯಾಗ ಸೂಜಿ ಹೋಗಾಕೂ ಜಾಗಾ ಇರೂದಿಲ್ಲ. ಮೇಜಿನ ಮ್ಯಾಲ ಮಲಗಿಸಿದ ಪೇಶಂಟನ ತೊಡಿ ಸಂದ್ಯಾಗ ಒಂದು ಕಂಬಾ ನಿಲ್ಲಿಸಿ, ಕಾಲು ಕಟ್ಟಿ ಜಗ್ಗಬೇಕು. ತೊಡಿ ಎಲುಬಿನ ಗುಂಡು ತನ್ನ ಬಟ್ಟಲಾ ಬಿಟ್ಟು ಬೆರಳಷ್ಟು ಸರದಾಗ, ಎಕ್ಸ್‌ರೇ ನೋಡ್ಕೋತ ಮೊದಲು ಸೂಜಿ, ಆಮ್ಯಾಲ ದುರ್ಬೀಣ. ಅವಸರ ಮಾಡಿದ್ರ ಎಲುಬಿನ ಮ್ಯಾಲಿನ ನುಣುಪು ಗೀರಿ ಹೋಗತೈತಿ. ಕಂಬಕ್ಕ ದಪ್ಪ ಗಾದಿ ಸುತ್ತಬೇಕು, ಇಲ್ಲಾಂದ್ರ ಸಂದಿನ ನರ ಅಮುಕಿ ಆ ಜಾಗಾ ಜೋಮು ಹಿಡೀತೈತಿ. ಆ ಗಾದಿ ನೋಡೂ ಕೆಲಸ ನಂದು.

ಹೋದ ವಾರ ಪಾಲಬಾವಿಯ ಕೋಮಲಾಗ ಮಾಡಿದ್ರು, ಕಬಡ್ಡಿ ಆಡೂ ಹುಡುಗಿ. ಗಾದಿ ಕುಂತು ರೊಟ್ಟಿ ಹಂಗಾಗಿತ್ತು. ಗಾದಿ ಮಾಡೂ ಮನಿ ಮಗಳು ನಾ, ಕೈ ಹಚ್ಚಿದಕೂಡ್ಲೆ ಗೊತ್ತಾತು. ಶ್ರೀಪಾಲ ಡಾಕ್ಟರು ಗಡಿಬಿಡಿಯೊಳಗಿದ್ರು, ನಾ ಬಾಯಿ ಮುಚ್ಕೊಂಡು ನಿಂತೆ. ಎರಡ ತಾಸು ಜಗ್ಗಿದ್ರು. ಮರುದಿನ ಆಕಿ ನನ್ನ ಕೈ ಹಿಡದು, 'ಅಕ್ಕಾ, ಅಲ್ಲಿ ಮುಟ್ಟಿದ್ರೂ ಏನೂ ತಿಳಿವಲ್ದು' ಅಂದ್ಲು. ಮುಂದಿನ ತಿಂಗಳ ಆಕಿ ಲಗ್ನ. ಡಾಕ್ಟರ ಮುಂದ ಹೇಳಾಕ ಆಕಿಗೆ ನಾಚಿಕಿ.

ಇವತ್ತ ಮುಗಳಖೋಡದ ಕುಸ್ತಿ ಹುಡುಗ ಲಖನನ ಸರದಿ. ಮತ್ತ ಅದ ಕುಂತ ಗಾದಿ! 'ಸರ್, ಇದು ನಡ್ಯಾಂಗಿಲ್ರಿ' ಅಂದೆ. ಎಲ್ಲಾರ ಮುಂದ ಬೈಸ್ಕೊಂಡೆ. ಬೈಲಿ ಅಂತ ಅರ್ಧಾ ತಾಸು ಕಾಯಿಸಿ, ಹೊಸಾ ಹತ್ತಿ ತರಿಸಿ ನಾನ ಸುತ್ತಿದೆ. ಲಖನ ಸಂಜೀಕ ನಕ್ಕೋತ ಚಾ ಕುಡದ, ಎಲ್ಲಾ ಛಲೋ ತಿಳೀತೈತಿ ಅಂದ. ಡಾಕ್ಟರು ಶಾಬಾಸ್ ಅಂದ್ರು. ನನಗ ಅಳು ಬಂತು ಅಪ್ಪಾ.

ಹೊತ್ತಿಗೆ ಸರಿ ಉಣ್ಣು. ಅಲ್ಲಾ ನಿನ್ನ ಛಲೋ ಇಟ್ಟಿರ್ಲಿ.

ನಿನ್ನ ಮಗಳು,
ರುಕ್ಸಾರ

ತಾ.ಕ.: ಕೋಮಲಾಗ 'ಔಷಧದ ಅಮಲು, ತಾನ ಇಳೀತೈತಿ' ಅಂತ ಸುಳ್ಳ ಹೇಳಿ ಮನಿಗೆ ಕಳಿಸೀನಿ. ಡಾಕ್ಟರಿಗೆ ಇನ್ನೂ ಹೇಳಿಲ್ಲ. ಆಕಿ ನಾಚಿಕಿ ನನಗ ಅನುಕೂಲ ಆತು. ನಾಳೆ ಮುಂಜಾನೆ ಎಲ್ಲಾ ಹೇಳ್ತೀನಿ. ನೌಕರಿ ಹೋದ್ರ, ಯಾಕ ಹೋತು ಅಂತ ಅವ್ವಗ ನಾನ ಹೇಳ್ತೀನಿ. ನೀ ನನ್ನ ಪರ ಮಾತಾಡಬ್ಯಾಡ.