ಅತ್ತೆಯ ಕಡೆಯ ಚಾವಣಿ

ಫೆಬ್ರವರಿ 1, ಭಾನುವಾರ, ಮಧ್ಯಾಹ್ನ 3.20

ಮೂರನೇ ಬ್ಲೇಡ್ ಮುರಿಯಿತು. ಬಲಗಡೆ ಮುಗಿದಿದೆ, ಎಡಗಡೆ ಇನ್ನೂ ಒಂದು ಮೊಳ ಬಾಕಿ. ಮಾವ ಇಪ್ಪತ್ತೆರಡು ವರ್ಷದ ಹಿಂದೆ ಕಾರಿನ ಚಾವಣಿಗೆ ಬಳಿದ ಸಿಲಿಕೋನ್ ಅಂಟು. ಒಂದು ಟ್ಯೂಬಲ್ಲ, ನಾಲ್ಕಾದರೂ ಬಳಿದಿರಬೇಕು.

ಅದನ್ನು ಕೀಳಲು ಒಪ್ಪಿಗೆ ಸಿಕ್ಕಿದ್ದೇ ದೊಡ್ಡ ಕಥೆ. ಹಳೇ ಕಾರುಗಳ ಕೂಟದಿಂದ ಪತ್ರ ಬಂತು. ಮಾರ್ಚ್ 15ಕ್ಕೆ ಗುಡ್ಡ ಹತ್ತುವ ಸವಾರಿ. ನಿಯಮ ಏಳು: ಕಾರು ಹೊಸದಿದ್ದಾಗ ಏನೇನು ತೆರೆಯುತ್ತಿತ್ತೋ ಅದೆಲ್ಲ ತೆರೆಯಬೇಕು, ಮುಚ್ಚಬೇಕು. ನಮ್ಮದು ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಚಾವಣಿಯ ನಡುವೆ ಒಂದು ಪಟ್ಟಿ, ಆಚೆಗೊಂದು ಈಚೆಗೊಂದು ಫೈಬರ್ ಪ್ಯಾನೆಲ್. ಲಾಕ್ ತಿರುಗಿಸಿ ಎತ್ತಿಟ್ಟರೆ ತಲೆಯ ಮೇಲೆ ಆಕಾಶ! ಅಂಥದ್ದನ್ನು ಅಂಟು ಹಾಕಿ ಮುಚ್ಚಿಬಿಟ್ಟಿದ್ದಾರೆ. ಮಾವ ಪತ್ರವನ್ನು ಎರಡು ದಿನ ಓದಿದರು. ಮೂರನೇ ದಿನ ನನ್ನ ಮುಂದಿಟ್ಟು, "ನೀನೇ ನೋಡಮ್ಮ" ಅಂದರು.

ಯಾಕೆ ಮುಚ್ಚಿದರು ಅನ್ನುವುದು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ನಾನು ಸೊಸೆಯಾಗಿ ಬಂದ ವಾರದಲ್ಲೇ ಕೇಳಿದ್ದೆ. ಮಾವ ಓಡಿಸುತ್ತಿದ್ದರು, ಅತ್ತೆ ಪಕ್ಕದಲ್ಲಿ. ಗುಡ್ಡದ ತಿರುವಿನಲ್ಲಿ ಗಾಳಿ ಹೊಕ್ಕು ಅತ್ತೆಯ ಕಡೆಯ ಪ್ಯಾನೆಲ್ ಹಾರಿಹೋಯಿತು. ಹಿಂದೆ ಸೈಕಲ್ಲಿನಲ್ಲಿ ಬರುತ್ತಿದ್ದ ಪೋಸ್ಟ್‌ಮ್ಯಾನ್ ಕಿವಿಯ ಪಕ್ಕದಲ್ಲೇ ಹೋಗಿ ಚರಂಡಿಗೆ ಬಿತ್ತಂತೆ. ಲಾಕ್ ತಿರುಗಿಸಿದ್ದು ಅತ್ತೆ. ಹಾಗಾಗಿ ತಪ್ಪು ಅತ್ತೆಯದು. ಅಂದಿನಿಂದ ನಲ್ಲಿ ತೊಟ್ಟಿಕ್ಕಿದರೂ, ಗೇಟು ತೆರೆದಿದ್ದರೂ ಮಾವನ ಬಾಯಲ್ಲಿ ಒಂದೇ ಮಾತು — "ನೀನು ಮುಚ್ಚಿದ್ದು ಯಾವತ್ತು ಮುಚ್ಚಿದೆ?" ಎಲ್ಲರೂ ನಗುತ್ತೇವೆ. ಅತ್ತೆಯೂ ನಗುತ್ತಾರೆ. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಮೂವತ್ತಾರು ವರ್ಷ ಬಾಟಲಿಗಳಿಗೆ ಮುಚ್ಚಳ ಹಾಕಿದವರು. ಈಗ ಹಿಂದಿನ ಬಾಗಿಲ ಚಿಲಕವನ್ನು ಮೂರು ಸಲ ಎಳೆದು ನೋಡದೆ ಮನೆ ಬಿಡುವುದಿಲ್ಲ. ಬೇರೆ ಕಾರು ಓಡಿಸುತ್ತಾರೆ, ಆ ಕಾರಿನಲ್ಲಿ ಮಾತ್ರ ಮತ್ತೆ ಕೂತಿಲ್ಲ.

ನನ್ನ ಹಟ ಇಷ್ಟೇ. 15ನೇ ತಾರೀಖು ಅತ್ತೆ ಆ ಸೀಟಿನಲ್ಲಿ ಕೂರಬೇಕು. ನಾನೇ ಹೊಲಿದ ಸೀಟು! ಹನ್ನೊಂದು ವರ್ಷದಿಂದ ಊರಿನವರ ಕಾರಿಗೆಲ್ಲ ಸೀಟು ಹೊಲಿಯುತ್ತೇನೆ. ನನ್ನ ಮನೆಯ ಸೀಟಿನ ಮೇಲೆ ಮಾತ್ರ ಹಳೇ ಪೇಪರಿನ ಕಟ್ಟು ಕೂತಿರುತ್ತದೆ.

ಫೆಬ್ರವರಿ 5, ಬೆಳಿಗ್ಗೆ 8.00

ಬಂತು! ಬಂತು ಬಂತು ಬಂತು!

ಎಡಗಡೆಯದೂ ಕಿತ್ತು ಬಂತು. ಷೆಡ್ಡಿನಲ್ಲಿ ಒಬ್ಬಳೇ ಕುಣಿದೆ. ಕಾರಿನೊಳಗೆ ಕೂತು ತಲೆ ಎತ್ತಿದೆ — ಷೆಡ್ಡಿನ ತಗಡು, ಜೇಡರ ಬಲೆ. ಆದರೂ ಏನು ಖುಷಿ!

ಪ್ಯಾನೆಲ್ ಸ್ಥಿತಿ ನೋಡಿದರೆ ಅಳು ಬರಬೇಕು. ಚರಂಡಿಗೆ ಬಿದ್ದ ಮೂಲೆ ಸೀಳಿದೆ, ಮೇಲೆ ಪುಟ್ಟಿ ಮೆತ್ತಿದ್ದಾರೆ. ಅಂಚಿನ ಸುತ್ತ ನೀರು ತಡೆಯುವ ರಬ್ಬರ್ ಬೀಡಿಂಗ್ ಮುಟ್ಟಿದರೆ ಬಿಸ್ಕತ್ತಿನ ಪುಡಿ. ಬೀಡಿಂಗ್ ಕಿತ್ತಾಗ ಕೆಳಗೆ ಚೌಕಟ್ಟಿನ ಮೇಲೆ ಪೆನ್ಸಿಲ್ ಬರಹ: "ಮೇ 8". ನಗು ಬಂತು. ಮಾವನ ಚಾಳಿ. ಬಲ್ಬು ಬದಲಿಸಿದರೂ ತಾರೀಖು, ಚಪ್ಪಲಿಗೆ ಮೊಳೆ ಹೊಡೆದರೂ ತಾರೀಖು.

ಫೆಬ್ರವರಿ 8, ಭಾನುವಾರ

ಸೀಳಿದ ಮೂಲೆಗೆ ಫೈಬರ್ ಮ್ಯಾಟ್ ಮೂರು ಪದರ. ರೆಸಿನ್ ಅಂಟಿಗೆ ಹಾರ್ಡ್‌ನರ್ ಒಂದು ಹನಿ ಜಾಸ್ತಿಯಾಗಿ ಡಬ್ಬಿಯಲ್ಲೇ ಗಟ್ಟಿಯಾಯಿತು. ಎರಡನೇ ಸಲ ಸರಿಹೋಯಿತು. ವಾಸನೆಗೆ ನನ್ನ ಗಂಡ ಮೂಗು ಮುಚ್ಚಿಕೊಂಡು ಕಿಟಕಿಯಿಂದ ಕೂಗಿದ — "ಬದುಕಿದ್ದೀಯಾ?" ಸ್ಕ್ರೂಡ್ರೈವರ್ ಹಿಡಿಯಲೂ ಬಾರದವನು. ಚಹಾ ಮಾತ್ರ ಚೆನ್ನಾಗಿ ಮಾಡುತ್ತಾನೆ. ಹಾಗಾಗಿ ಇಟ್ಟುಕೊಂಡಿದ್ದೇನೆ.

ಅತ್ತೆ ಷೆಡ್ಡಿನ ಬಾಗಿಲವರೆಗೆ ಬಂದರು. ಒಳಗೆ ಬರಲಿಲ್ಲ. "ಆ ಕಡೇದಾ?" ಅಂದರು. ಹೌದು ಅಂದೆ. ತಿರುಗಿ ಹೋದರು.

ಫೆಬ್ರವರಿ 17

ಒಂಬತ್ತು ದಿನ ಬರೆದಿಲ್ಲ. ಶಾಲಾ ಬಸ್ಸಿನ ನಲವತ್ತೆರಡು ಸೀಟು... ಬೆರಳೆಲ್ಲ ತೂತು.

ಸುದ್ದಿ: ಹೊಸ ಬೀಡಿಂಗ್ ಬಂದಿದೆ. ಮೆತ್ತಗೆ, ಕಪ್ಪಗೆ, ಹೊಸ ಟೈರಿನ ವಾಸನೆ. ಇನ್ನೊಂದು ಸುದ್ದಿ: ಬ್ರೇಕ್ ಕೆಲಸಕ್ಕೆಂದು ಮೆಕ್ಯಾನಿಕ್ ನಾಲ್ಕೂ ಚಕ್ರ ಬಿಚ್ಚಿಕೊಂಡು ಹೋಗಿದ್ದಾನೆ. ಕಾರು ಜಾಕ್ ಸ್ಟ್ಯಾಂಡುಗಳ ಮೇಲೆ ನಿಂತಿದೆ. ಒಳ್ಳೆಯದೇ ಆಯಿತು, ಚಾವಣಿ ನನ್ನ ಭುಜದ ಮಟ್ಟಕ್ಕೆ ಬಂತು.

ಫೆಬ್ರವರಿ 21, ಸಂಜೆ 5.30

ಟಕ್!

ಆ ಸದ್ದು ಹೇಗೆ ಬರೆಯಲಿ. ಬೀಡಿಂಗ್ ಅಂಟಿಸಿ, ಪ್ಯಾನೆಲ್ ಕೂರಿಸಿ, ಲಾಕ್ ತಿರುಗಿಸಿದೆ. ಟಕ್. ಎರಡೂ ಕಡೆ. ಕೂದಲು ತೂರದಷ್ಟು ಬಿಗಿ. ಎರಡು ಬಕೆಟ್ ನೀರು ಸುರಿದೆವು, ಒಳಗೆ ಒಂದು ಹನಿ ಇಲ್ಲ! ಹಿಗ್ಗಿ ಹೀರೇಕಾಯಿಯಾದೆ. ಮಾವನ ಕೈ ಹಿಡಿದು ಕುಲುಕಿದೆ. ಅವರು ನಗಲಿಲ್ಲ. "ಚಕ್ರ ಬರ್ಲಿ, ಆಮೇಲೆ ನೋಡೋಣ" ಅಂದರು. ನೀರಸ ಮನುಷ್ಯ.

ಫೆಬ್ರವರಿ 26, ಗುರುವಾರ, 12.45

ಚಕ್ರ ಬಂತು. ಕಾರು ಕೆಳಗಿಳಿಯಿತು. ಲಾಕ್ ತಿರುಗಿಸಿದೆ, ಟಕ್. ಸೀಟಿಗೆ ಒರಗಿ ಆರಾಮಾಗಿ ಮೈ ಮುರಿದೆ. ಅಂಗೈ ಚಾವಣಿಗೆ ತಾಗಿತು.

ಪ್ಯಾನೆಲ್ ಎದ್ದು ಬಂತು.

ಮತ್ತೆ ಹಾಕಿದೆ. ಟಕ್. ತಳ್ಳಿದೆ. ಮತ್ತೆ ಎದ್ದಿತು. ಬಗ್ಗಿ ಟಾರ್ಚ್ ಹಿಡಿದು ನೋಡಿದರೆ ಲಾಕಿನ ಪಿನ್ ತನ್ನ ಗೂಡಿಗೆ ಹೋಗಿರುವುದು ಉಗುರಿನ ತುದಿಯಷ್ಟೇ. ಕಣ್ಣಿಗೆ ಮುಚ್ಚಿದೆ, ಕಿವಿಗೆ ಮುಚ್ಚಿದೆ, ನಿಜವಾಗಿ ಮುಚ್ಚಿಲ್ಲ.

ಮೇಲಿದ್ದಾಗ ಸರಿಯಿತ್ತು, ಕೆಳಗಿಳಿದ ಮೇಲೆ ಕೆಟ್ಟಿತು, ನೆಲದ್ದೇ ಏನೋ ಇದೆ ಅಂದೆ. ಮಾವ ಸ್ಟೂಲಿನಿಂದ ಎದ್ದರು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ." ಒಳಗೆ ಹೋಗಿಬಿಟ್ಟರು. ನನಗೆ ಮೈ ಉರಿಯಿತು.

ಫೆಬ್ರವರಿ 27, ಸಂಜೆ 4.00

ನೆಲವೇ!

ನನ್ನ ಅಂಗಡಿಯ ಪಕ್ಕದ ಟಿಂಕರ್ ತಾತನನ್ನು ಕರೆತಂದೆ. ಅರವತ್ತು ವರ್ಷ ತಗಡು ಬಡಿದವರು. ಬಾಗಿಲ ಸಂದು ನೋಡಿದರು, ನಕ್ಕರು. "ಅಲ್ಲಮ್ಮಾ, ತಲೆ ಇಲ್ಲದ ಗಾಡಿ ಇದು. ನಡು ಗಟ್ಟಿ ಇರಲ್ಲ. ಸ್ಟ್ಯಾಂಡ್ ಮೇಲೆ ನಿಲ್ಸಿದ್ರೆ ಮೂತಿ, ಬಾಲ ಎರಡೂ ಜೋತುಬಿದ್ದು ಮೇಲಿನ ಬಾಯಿ ಅಗಲ ಆಗುತ್ತೆ. ನೆಲಕ್ಕೆ ಇಳಿಸಿದ್ರೆ ಬಾಯಿ ಮುಚ್ಚಿಕೊಳ್ಳುತ್ತೆ. ರಬ್ಬರ್ ಕಿಕ್ಕಿರಿದು ಪ್ಯಾನೆಲ್ ಎದ್ದು ಕೂರುತ್ತೆ. ಇದರ ಅಳತೆ ಚಕ್ರದ ಮೇಲೆ ನಿಂತಾಗಲೇ ತಗೋಬೇಕು."

ಟೇಪ್ ಹಿಡಿದೆವು. ಜಾಕ್ ಏರಿಸಿ, ಇಳಿಸಿ. ನಾಲ್ಕು ಮಿಲಿಮೀಟರ್ ವ್ಯತ್ಯಾಸ. ಕಾರು ಉಸಿರಾಡುತ್ತದೆ!

ತಾತ ಹೋದ ಮೇಲೆ ಟೇಪ್ ಸುತ್ತುತ್ತಿದ್ದೆ. ಆಗ ನೆನಪಾಯಿತು, ಪೆನ್ಸಿಲ್ಲಿನ ತಾರೀಖು. ನೇರ ಅಡುಗೆಮನೆಗೆ.

"ಅತ್ತೆ, ಆ ಪ್ಯಾನೆಲ್ ಹಾರಿಹೋಗಿದ್ದು ಯಾವತ್ತು?"

"ಮೇ ಒಂಬತ್ತು." ಯೋಚಿಸಲೇ ಇಲ್ಲ. "ನಂಗೆ ಹೆಡ್ ಫಾರ್ಮಸಿಸ್ಟ್ ಆಗಿ ಬಡ್ತಿ ಸಿಕ್ಕಿದ ದಿನ ಕಣೇ. ಅದೇ ಖುಷಿಗೆ ಗುಡ್ಡಕ್ಕೆ ಹೊರಟಿದ್ವಿ."

"ಹಿಂದಿನ ದಿನ ಕಾರು ಎಲ್ಲಿತ್ತು?"

"ಇಲ್ಲೇ. ನಿನ್ನ ಮಾವ ಜಾಕ್ ಹಾಕಿ ಎತ್ತಿ ನಿಲ್ಸಿ, ದಿನವಿಡೀ ಅದರ ತಲೆಗೆ ಹೊಸ ರಬ್ಬರ್ ಹಾಕ್ತಾ ಇದ್ರು. ಯಾಕೆ?"

ಸುಮ್ಮನೆ ಅಂದೆ. ಅತ್ತೆ ಕೈ ಒರೆಸಿಕೊಳ್ಳುತ್ತ ಇನ್ನೊಂದು ಮಾತು ಹೇಳಿದರು. "ನಾನು ತಿರುಗಿಸಿದ್ದೆ. ಟಕ್ ಅಂತ ಕೇಳಿಸಿತ್ತು. ಮೊದಮೊದಲು ಹೇಳ್ತಾನೂ ಇದ್ದೆ. ಆಮೇಲೆ ನಂಗೇ ಅನುಮಾನ ಬಂದ್ಬಿಡ್ತು."

ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಆ ತಮಾಷೆಗೆ ನಾನೂ ಹನ್ನೆರಡು ವರ್ಷ ನಕ್ಕಿದ್ದೇನೆ.

ಫೆಬ್ರವರಿ 28, ಬೆಳಿಗ್ಗೆ 10.15

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನೇ.

ಮಾವನನ್ನು ಎಡಗಡೆ ಸೀಟಿನಲ್ಲಿ ಕೂರಿಸಿದೆ. "ಲಾಕ್ ಮಾಡಿ ಮಾವ." ಟಕ್. "ಈಗ ತಳ್ಳಿ." ತಳ್ಳಲಿಲ್ಲ. ಕೈ ಮಡಿಲಲ್ಲೇ ಇತ್ತು. ಪ್ಯಾನೆಲ್ ಎತ್ತಿ, ಬೀಡಿಂಗ್ ತುದಿ ಬಿಡಿಸಿ, ಚೌಕಟ್ಟಿನ ಮೇಲಿನ "ಮೇ 8" ತೋರಿಸಿದೆ.

"ಗೊತ್ತು" ಅಂದರು.

ಗೊತ್ತು! ಯಾವಾಗಿನಿಂದ?

"ಸಿಲಿಕೋನ್ ಬಳಿಯೋ ದಿನಾನೇ ಗೊತ್ತಾಯ್ತು. ಪಿನ್ ತುದಿ ಮಾತ್ರ ಸವೆದಿತ್ತು, ಅಂದ್ರೆ ಅವಳು ಲಾಕ್ ಹಾಕಿದ್ದು ನಿಜ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ಒಂದು ವಾರ ಹೋಯ್ತು. ಅಷ್ಟರಲ್ಲಿ ಅದು ಮನೆಯ ತಮಾಷೆ ಆಗ್ಬಿಟ್ಟಿತ್ತು, ಎಲ್ಲರೂ ನಗ್ತಿದ್ರು. ಆಮೇಲೆ ಹೇಗಮ್ಮ ಹೇಳ್ಲಿ?"

ಕುಂಬಳಕಾಯಿ ಕಳ್ಳ ಮೊನ್ನೆಯೇ ಹೆಗಲು ಮುಟ್ಟಿ ನೋಡಿಕೊಂಡಿದ್ದ, ನನಗೇ ತಿಳಿಯಲಿಲ್ಲ. ಕೋಪ ನೆತ್ತಿಗೇರಿತು. ಮಾವನ ಮೇಲೆ ಇಷ್ಟು ಕೋಪ ಎಂದೂ ಬಂದಿರಲಿಲ್ಲ. ಅವರ ಮುಖ ನೋಡಿ ಕರುಣೆಯೂ ಬಂತು, ಅದಕ್ಕೆ ಇನ್ನಷ್ಟು ಕೋಪ.

"ನಾನು ಹೇಳಲ್ಲ ಮಾವ. ನೀವೇ ಹೇಳ್ಬೇಕು. ಹದಿನೈದನೇ ತಾರೀಖಿನೊಳಗೆ."

ಮಾರ್ಚ್ 5

ಪ್ಯಾನೆಲ್ ಸರಿಹೋಯಿತು. ಕಾರು ಚಕ್ರದ ಮೇಲೆ ನಿಂತಿರುವಾಗಲೇ ಬೀಡಿಂಗ್ ಕಿತ್ತು, ತೆಳುವಾದದ್ದು ಹಾಕಿ, ಲಾಕಿನ ಗೂಡಿನ ಕೆಳಗೆ ಎರಡು ತಗಡಿನ ಚೂರು ಕೊಟ್ಟು ಎತ್ತರಿಸಿದೆ. ಪಿನ್ ಈಗ ಪೂರ್ತಿ ಒಳಗೆ. ಕೆಳಗಿನಿಂದ ಎರಡೂ ಕಾಲಿನಲ್ಲಿ ಒದ್ದು ನೋಡಿದೆ. ಅಲುಗಲಿಲ್ಲ! ಸದ್ದೂ ಬೇರೆ, ಟಕ್ ಅಲ್ಲ, ಧಡ್.

ಮಾವ ಹೇಳಿಲ್ಲ. ಐದು ದಿನ. ನನ್ನನ್ನು ಕಂಡರೆ ಪೇಪರ್ ಎತ್ತಿ ಹಿಡಿಯುತ್ತಾರೆ. ನಿನ್ನೆ ತಲೆಕೆಳಗಾಗಿ ಹಿಡಿದಿದ್ದರು.

ಮಾರ್ಚ್ 8, ಭಾನುವಾರ, 9.30

ಬೇಗ ಬರೆಯುತ್ತೇನೆ.

ತಿಂಡಿ. ನನ್ನ ಗಂಡ ಜಾಮ್ ಬಾಟಲಿ ಎತ್ತಿದ, ಮುಚ್ಚಳ ಕಳಚಿ ಮೇಜಿಗೆ ಬಿತ್ತು. ಪಾಪ, ಅವನಿಗೆ ಏನೂ ಗೊತ್ತಿಲ್ಲ. ನಗುತ್ತ ಅಂದ — "ಅಮ್ಮ ಮುಚ್ಚಿದ್ದು ಯಾವತ್ತು ಮುಚ್ಚಿದೆ?"

ನಾನು ನಗಲಿಲ್ಲ. ಅತ್ತೆ ರೂಢಿಯಂತೆ ನಕ್ಕರು.

"ಸಾಕು." ಮಾವ. ಎದ್ದು ನಿಂತಿದ್ದರು. "ಅವಳು ಮುಚ್ಚಿದ್ದಳು. ಸರಿಯಾಗೇ ಮುಚ್ಚಿದ್ದಳು. ರಬ್ಬರ್ ತಪ್ಪಾಗಿ ಹಾಕಿದ್ದು ನಾನು. ಅದು ಗೊತ್ತಿದ್ದೂ ಬಾಯಿ ಬಿಡದೆ ಇದ್ದವನೂ ನಾನೇ."

ಅತ್ತೆ ಜಾಮ್ ಬಾಟಲಿ ಎಳೆದುಕೊಂಡು ಮುಚ್ಚಳ ತಿರುಗಿಸಿದರು. ನಿಧಾನಕ್ಕೆ, ಕೊನೆಯವರೆಗೂ.

"ಆಸ್ಪತ್ರೇಲಿ ಪ್ರತಿ ಬಾಟಲೀನೂ ಎರಡೆರಡು ಸಲ ತೆಗೆದು ನೋಡ್ತಿದ್ದೆ. ಜೊತೆಯವರು ಆಡಿಕೊಳ್ತಿದ್ರು." ಬಾಟಲಿ ಪಕ್ಕಕ್ಕಿಟ್ಟರು. ಮತ್ತೆ: "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ಆನೆ ಬೇಡ. ಕಾರಿನ ಕೀ ಕೊಡಿ."

ಕೊಟ್ಟರು.

ಈಗ ಷೆಡ್ಡಿನಲ್ಲಿದ್ದಾರೆ, ಒಬ್ಬರೇ, ಎಡಗಡೆ ಸೀಟಿನಲ್ಲಿ. ಲಾಕ್ ಹಾಕುತ್ತಾರೆ, ತೆಗೆಯುತ್ತಾರೆ. ಧಡ್... ಧಡ್... ಅರ್ಧ ಗಂಟೆಯಾಯಿತು. ಮಾವ ಷೆಡ್ಡಿನ ಹೊಸಿಲ ಮೇಲೆ ಕೂತಿದ್ದಾರೆ. ಒಳಗೆ ಬಾ ಅಂತ ಅತ್ತೆ ಕರೆದಿಲ್ಲ. ಹೋಗು ಅಂತಲೂ ಅಂದಿಲ್ಲ.

ಮಾರ್ಚ್ 15, ಬೆಳಿಗ್ಗೆ 7.40, ಮೈದಾನ

ನಿಂತುಕೊಂಡೇ ಬರೆಯುತ್ತಿದ್ದೇನೆ. ಇಪ್ಪತ್ತಾರು ಕಾರುಗಳು! ಹಾರ್ನು, ಹೊಗೆ, ಪಾಲಿಶ್ ವಾಸನೆ. ನಮ್ಮದು ಹದಿನಾಲ್ಕನೆಯದು.

ಅರ್ಜಿಯಲ್ಲಿ ಚಾಲಕರು: ಅತ್ತೆ. ಜೊತೆಗಾರರು: ಮಾವ. ನನ್ನ ಹಟಕ್ಕಿಂತ ಒಂದು ಕೈ ಮೇಲೆ. ವಾರವಿಡೀ ಮಾವನ ಜೊತೆ ಲೆಕ್ಕ ಹಾಕಿದ ಹಾಗೆ ಮಾತಾಡಿದ್ದಾರೆ. ಉಪ್ಪು ಕೊಡಿ, ದಾರಿ ಬಿಡಿ, ಅಷ್ಟೇ. ಆದರೆ ಜೊತೆಗಾರರ ಹೆಸರು ಬರೆದದ್ದು ಅತ್ತೆಯೇ.

ಪರೀಕ್ಷಕ ಬಕೆಟ್ ಹಿಡಿದು ಬಂದ. "ಮುಚ್ಚಿ, ನೀರು ಹಾಕ್ತೀನಿ."

ಎಡಗಡೆ ಮಾವ. ಪ್ಯಾನೆಲ್ ಕೂರಿಸಿ ಲಾಕ್ ತಿರುಗಿಸಿದರು. ಅತ್ತೆ ಸ್ಟೀರಿಂಗಿನಿಂದ ಕೈ ತೆಗೆಯದೆ, "ಇನ್ನೊಂದ್ಸಲ ನೋಡಿ." ನೋಡಿದರು. "ಇನ್ನೊಂದ್ಸಲ." ಮೂರು ಸಲ! ನನ್ನ ಗಂಡ ನಗು ತಡೆಯಲಾರದೆ ನನ್ನ ಬೆನ್ನ ಹಿಂದೆ ಅಡಗಿದ.

ನೀರು ಸುರಿಯಿತು. ಪರೀಕ್ಷಕ ಒಳಗೆ ಕೈ ಆಡಿಸಿದ. ಒಣಗಿದೆ. ಸೀಟೂ ಒಣಗಿದೆ. ಪಾಸ್!!

ಈಗ ಎರಡೂ ಪ್ಯಾನೆಲ್ ಕಾರಿನ ಹಿಂದಿನ ಡಿಕ್ಕಿಯೊಳಗೆ. ಅತ್ತೆಯ ನರೆಗೂದಲು ಗಾಳಿಗೆ ಎದ್ದು ನಿಂತಿದೆ. ಹನ್ನೆರಡನೇ ಕಾರು ಹೊರಟಿತು. ಹದಿಮೂರು...

ಮಾವ ತಟ್ಟನೆ ಸೀಟಿನಲ್ಲಿ ನೆಟ್ಟಗಾದರು. "ಹಿಂದಿನ ಬಾಗಿಲ ಚಿಲಕ ಹಾಕಿದ್ಯಾ?"

"ಹಾಕಿದೆ."

"ಎಳೆದು ನೋಡಿದ್ಯಾ?"

ಅತ್ತೆ ಗೇರ್ ಹಾಕಿದರು. "ಇಲ್ಲ. ಹಾಕಿದ್ನಲ್ಲ, ಸಾಕು."

ಬಾವುಟ ಇಳಿಯಿತು, ಹೊರಟೇಬಿಟ್ಟರು. ಮೈದಾನದ ಗೇಟಿನ ಹತ್ತಿರ ಮಾವ ಏನೋ ಅಂದರು, ಅತ್ತೆ ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಾರೆ, ಇಲ್ಲಿಗೂ ಕೇಳಿಸುತ್ತಿದೆ, ಇದು ರೂಢಿಯ ನಗುವಲ್ಲ, ಇದು —