ಮೇಲಿನ ದಂಡೆಯ ಕಲ್ಲುಮೊನೆಗಳು

ಇಗ್ಲೂಲಿಕ್
ನವೆಂಬರ್ 14

ಮಗಳು ಅರ್ನಾಕ್‌ಗೆ,

ಅದೇ, ನಿನ್ನೆ ಫೋನಿನಲ್ಲಿ ಹೇಳುತ್ತಿದ್ದೆನಲ್ಲ, ಈಟಿಯ ಕಲ್ಲುಮೊನೆಗಳ ವಿಷಯ. ಲೈನ್ ಕಡಿಯಿತು ಎಂದುಕೊಂಡಿರುತ್ತೀಯ. ಕಡಿಯಲಿಲ್ಲ, ನಾನೇ ಇಟ್ಟುಬಿಟ್ಟೆ. ಎರಡು ತಿಂಗಳು ನಿನ್ನ ಪತ್ರಕ್ಕೆ ಉತ್ತರಿಸದಿದ್ದದ್ದೂ ಕಣ್ಣಿನ ಪೊರೆಯಿಂದಲ್ಲ. ಕ್ಷಮಿಸು. ಇಲ್ಲಿ ಕಡಲು ಹೆಪ್ಪುಗಟ್ಟಿದೆ. ನಿನ್ನ ಚಿಕ್ಕಪ್ಪ ವಾಲ್ರಸ್ ಮಾಂಸ ಕೊಟ್ಟುಹೋದ. ನನ್ನ ಹಲ್ಲಿಗೆ ಅದು ಬಗ್ಗುವುದಿಲ್ಲ.

ನೀನು ಪತ್ರದಲ್ಲಿ, ಮ್ಯೂಸಿಯಮ್ಮಿನಿಂದ ನಿಮ್ಮ ಕಚೇರಿಗೆ ಮರಳಿದ ಪೆಟ್ಟಿಗೆಯಲ್ಲಿ ಯಾವ ಮೊನೆ ಯಾವ ದಂಡೆಯದೆಂದು ಗುರುತಿಸಿ ಕೊಡು ಎಂದೆ. ಪಟ್ಟಿಯಲ್ಲಿ 'ಸಹಾಯಕಿ ಎಲಿಸಾಪಿಯ ಚೀಟಿಗಳು ತಪ್ಪು' ಎಂದು ಬರೆಯಲೇ ಎಂದೂ ಕೇಳಿದೆ. ಬರೆಯಬೇಡ. ತಪ್ಪು ನಿನ್ನ ಅಮ್ಮನದಲ್ಲ.

ನಮ್ಮ ನೆಲ ಕಡಲಿನಿಂದ ಮೇಲೇಳುತ್ತಲೇ ಬಂದದ್ದು, ಹಳೆಯ ಕಡಲದಂಡೆಗಳು ಮೆಟ್ಟಿಲಿನಂತೆ ಮೇಲೆ ಉಳಿದಿವೆ. ಎತ್ತರದ ದಂಡೆಯಲ್ಲಿ ಸಿಕ್ಕಿದ್ದು ಬಹಳ ಹಳೆಯದು, ಕೆಳಗಿನದು ಆಮೇಲೆ ಬಂದ, ನಮಗೂ ಮೊದಲು ಇಲ್ಲಿದ್ದ ತೂನಿತ್ ಜನರದು. ನಾನೂ ನಿನ್ನ ಅಮ್ಮನೂ ಆ ದಂಡೆಗಳ ಅಗೆತಕ್ಕೆ ಕೆಲಸಕ್ಕೆ ಹೋದ ಬೇಸಿಗೆ ನಮಗಿನ್ನೂ ಮದುವೆಯಾಗಿರಲಿಲ್ಲ. ಅವಳು ದಂಡೆಗೊಂದರಂತೆ ಎರಡು ತಟ್ಟೆಗಳಿಗೆ ಚೀಟಿ ಬರೆದು, ಹತ್ತಿಯ ಮೇಲೆ ಮೊನೆಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟಳು.

"ಜೈಪಿಟಿ, ಕಾಲೇಜಿಗೆ ಹೋದೋರು ನೆಲ ನೋಡಿ ನಡೀತಾರೋ, ಆಕಾಶ ನೋಡಿ ನಡೀತಾರೋ?"

"ನಿನ್ನ ಮುಖ ನೋಡ್ಕೊಂಡು ನಡೀತೀನಿ."

ನಕ್ಕು ಮೇಲೆ ಹೋದಳು. ನಾನು ನಿಜವಾಗಿಯೂ ಹಿಂದಿರುಗಿ ನೋಡುತ್ತ ಜಾರಿದೆ. ಇಪ್ಪತ್ತೂ ಮೊನೆಗಳು ಜಲ್ಲಿಯ ಮೇಲೆ ಚೆಲ್ಲಿದವು. ಅವಕ್ಕೆ ಇನ್ನೂ ಮಸಿಯಲ್ಲಿ ನಂಬರು ಹಾಕಿರಲಿಲ್ಲ. ಮೂರು ತಿಂಗಳ ಕಾಲೇಜಿನಲ್ಲಿ ಕಲಿತ 'ಕ್ಲಾಸಿಫಿಕೇಷನ್' ಅರ್ಧಂಬರ್ಧ ನೆನಪಿತ್ತು: ಸಣ್ಣಗೆ, ಎರಡೂ ತುದಿ ಚೂಪಾಗಿ, ಅಂಚಿಗೆ ಗರಗಸದ ಹಲ್ಲಿದ್ದರೆ ಹಳೆಯದು, ಬುಡ ಒಳಬಾಗಿದ ತ್ರಿಕೋನವಾದರೆ ತೂನಿತ್ ಜನರದು. ಹಾಗೇ ವಿಂಗಡಿಸಿದೆ. ಐದು ಮುರುಕುಗಳಿಗೆ ಬುಡವೇ ಇರಲಿಲ್ಲ. ಅಂದಾಜಿಗೆ ಹಾಕಿದೆ.

ಅಗೆತದ ಯಜಮಾನನನ್ನು ನಾವೆಲ್ಲ ಗಡ್ಡದವನು ಎನ್ನುತ್ತಿದ್ದೆವು. ಮೇಲಿನ ದಂಡೆಯ ಒಂದು ಮುರುಕನ್ನು ಅವನು ಆಗಲೇ ಪುಸ್ತಕದಲ್ಲಿ ಬರೆದುಕೊಂಡಿದ್ದ. ಅದು ಕೆಳಗಿನ ದಂಡೆಯ ತಟ್ಟೆಯಲ್ಲಿ ಸಿಕ್ಕಿತು. ಚೀಟಿ ಯಾರದೆಂದು ಕೇಳಿ, ಈ ಹುಡುಗಿ ಇನ್ನು ಬೇಡ ಎಂದ. ಇಂಗ್ಲಿಷಿನಲ್ಲಿ ಎಂದ. ಅದನ್ನು ನಮ್ಮ ಮಾತಿನಲ್ಲಿ ಅವಳಿಗೆ ಹೇಳಬೇಕಾದವನು ನಾನೇ.

"ಚೀಟಿ ತಪ್ಪಂತೆ, ನಾಳೆಯಿಂದ ಬರಬೇಡ ಅಂತಾನೆ" ಅಂದೆ. ಅಷ್ಟೇ ಅಂದೆ. ಅವಳು ಆಮೇಲೆ ಒಂದು ಕಲ್ಲುಮೊನೆಯನ್ನೂ ಮುಟ್ಟಲಿಲ್ಲ.

ಇಪ್ಪತ್ತಕ್ಕೂ ಹೀಗೆ ಬರೆ: 'ದಂಡೆ ಗೊತ್ತಿಲ್ಲ. ಬೆರೆಸಿದವನು ಜೈಪಿಟಿ.' ನಿನಗೆ ನನ್ನ ತಾಯಿಯ ಹೆಸರಿಟ್ಟಿದ್ದೇವೆ, ಹೆಸರಿನ ಜೊತೆ ಅವಳೂ ನಿನ್ನಲ್ಲಿ ಬಂದಿದ್ದಾಳೆ. ಇದನ್ನು ಬರೆಯುವಾಗ ಅವಳೆದುರೇ ತಲೆ ತಗ್ಗಿಸಿ ನಿಂತ ಹಾಗಾಗುತ್ತಿದೆ.

ನಿನ್ನ ಕೈಗಳು ಬೆಚ್ಚಗಿರಲಿ. ಮಕ್ಕಳ ಕಾಲು ಒದ್ದೆಯಾಗದಿರಲಿ.

ನಿನ್ನ ಅಪ್ಪ,
ಜೈಪಿಟಿ

ಇನ್ನೊಂದು ಉಳಿಯಿತು. ಆಸ್ಪತ್ರೆಯಲ್ಲಿ ಕೊನೆಯ ವಾರ, ನೀನು ಚಹಾ ತರಲು ಹೋಗಿದ್ದಾಗ ನಿನ್ನ ಅಮ್ಮ ಕೇಳಿದಳು: "ಆ ತಟ್ಟೆಗಳು… ನಾನು ಸರಿಯಾಗೇ ಬರೆದಿದ್ದೆ ಅನ್ಸುತ್ತೆ ಕಣೋ. ನೀನಲ್ಲೇ ಇದ್ದೆಯಲ್ಲ. ಸರಿಯಾಗಿತ್ತು ತಾನೇ?" ನಲವತ್ತು ವರ್ಷದಲ್ಲಿ ಕೇಳಿದ್ದು ಅದೊಂದೇ ಸಲ. "ಯಾರಿಗಾದ್ರೂ ತಪ್ಪಾಗುತ್ತೆ, ಬಿಡು" ಅಂದೆ. "ಹಾಗಾದ್ರೆ ನಂದೇ" ಅಂದು ಗೋಡೆಯ ಕಡೆ ತಿರುಗಿದಳು. ನಾನು ಅವಳ ಬೆನ್ನು ನೋಡುತ್ತ… ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ, ಅಕ್ಷರ ಕಾಣುತ್ತಿಲ್ಲ.